ಆಲ್ಫ್ರೆಡ್ ಬಿನೆ

ಮಗುವಿಗೆ ತಂದೆತಾಯಿಗಳು ಇಡುವ ಹೆಸರು ಒಂದಾದರೆ, ಲೋಕವು ಕರೆಯುವ ಹೆಸರು ಮತ್ತೊಂದಾಗಿರುವುದುಂಟು. ಕಲಿಕೆಯಲ್ಲಿ ಹಿಂದೆ ಬಿದ್ದ ಮಗುವನ್ನು ಪೆದ್ದ, ಮಂಕ, ದಡ್ಡ ಎಂದು ಕರೆಯುವ ರೂಢಿ ಎಲ್ಲ ನಾಡುಗಳಲ್ಲಿಯೂ ಇದೆ. ಬೀದಿಯವರು ಕರೆದ ಹೆಸರು ಬೀದಿಯಲ್ಲಿಯೇ ಉಳಿದರೂ ಉಳಿದೀತು. ಆದರೆ ವೈದ್ಯನೊಬ್ಬನು ಪ್ರಮಾಣಪತ್ರದಲ್ಲಿ ಬರೆದು ರುಜು ಹಾಕಿದ ಹೆಸರು ಹಾಗಲ್ಲ. ಆ ಮಗು ಎಲ್ಲಿ ಮಲಗಬೇಕು, ಯಾರ ನಡುವೆ ಬೆಳೆಯಬೇಕು, ಅದಕ್ಕೆ ಅಕ್ಷರ ಕಲಿಸಬೇಕೇ ಬೇಡವೇ ಎಂಬುದನ್ನೆಲ್ಲ ಅದು ನಿರ್ಧರಿಸಿಬಿಡುತ್ತದೆ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಪ್ಯಾರಿಸ್ ನಗರದಲ್ಲಿ ಇಂತಹ ಪ್ರಮಾಣಪತ್ರಗಳನ್ನು ಸಾಲಾಗಿ ಮುಂದಿಟ್ಟುಕೊಂಡು, ಅವುಗಳಲ್ಲಿ ಬರೆದಿದ್ದ ಹೆಸರುಗಳಿಗೆ ನಿಜವಾಗಿ ಅರ್ಥವೇನೆಂದು ಕೇಳಿದವನು ಆಲ್ಫ್ರೆಡ್ ಬಿನೆ. ಬುದ್ಧಿಶಕ್ತಿಯನ್ನು ಅಳೆದವನೆಂದು ಲೋಕವು ಅವನನ್ನು ನೆನೆಯುತ್ತದೆ. ಅವನು ಅಳೆಯಲು ಹೊರಟದ್ದು ಏತಕ್ಕೆ ಎಂಬುದು ಮಾತ್ರ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ಬಿನೆಯು 1857ರ ಜುಲೈ ತಿಂಗಳಲ್ಲಿ ಮೆಡಿಟರೇನಿಯನ್ ಸಮುದ್ರತೀರದ ನೀಸ್ ಪಟ್ಟಣದಲ್ಲಿ ಜನಿಸಿದನು. ಆಗ ಆ ಪಟ್ಟಣವು ಸಾರ್ಡಿನಿಯ ರಾಜ್ಯಕ್ಕೆ ಸೇರಿತ್ತು. ಫ್ರಾನ್ಸಿಗೆ ಸೇರಿದ್ದು ಮೂರು ವರ್ಷಗಳ ತರುವಾಯ. ತಂದೆ ವೈದ್ಯ. ತಾಯಿಗೆ ಚಿತ್ರಕಲೆಯಲ್ಲಿ ಆಸಕ್ತಿ. ದಂಪತಿಗಳು ಬೇರೆಯಾದುದರಿಂದ ಒಬ್ಬನೇ ಮಗನಾದ ಬಿನೆ ತಾಯಿಯ ಆಸರೆಯಲ್ಲಿ ಬೆಳೆದನು. ಅಂಜುಬುರುಕನಾದ ಹುಡುಗನ ಭಯವನ್ನು ಬಿಡಿಸಬೇಕೆಂದು ತಂದೆಯು ಅವನಿಗೆ ಒಮ್ಮೆ ಶವವೊಂದನ್ನು ತೋರಿಸಿ ಮುಟ್ಟಿಸಿದನೆಂದೂ, ಆ ನಡುಕ ಬಹುಕಾಲ ಅವನನ್ನು ಬಿಡಲಿಲ್ಲವೆಂದೂ ಹೇಳುತ್ತಾರೆ. ಮಕ್ಕಳಿಗೆ ಹೆದರಿಕೆ ಹುಟ್ಟಿಸಿ ಕಲಿಸುವ ಕ್ರಮವನ್ನು ಅವನು ಮುಂದೆ ಎಂದೂ ಮೆಚ್ಚದೆ ಹೋದುದರಲ್ಲಿ ಆಶ್ಚರ್ಯವಿಲ್ಲ.

ಪ್ಯಾರಿಸ್ಸಿನಲ್ಲಿ ಅವನು ನ್ಯಾಯಶಾಸ್ತ್ರವನ್ನು ಓದಿ 1878ರಲ್ಲಿ ಪದವಿ ಪಡೆದನು. ಆದರೆ ವಕೀಲನಾಗಲಿಲ್ಲ. ವೈದ್ಯಶಾಸ್ತ್ರಕ್ಕೆ ಸೇರಿ ಅದನ್ನೂ ಅರ್ಧದಲ್ಲಿಯೇ ಬಿಟ್ಟನು. ಮನೆಯಲ್ಲಿ ಅನುಕೂಲವಿತ್ತು, ಹೊಟ್ಟೆಪಾಡಿನ ಚಿಂತೆಯಿರಲಿಲ್ಲ. ರಾಷ್ಟ್ರೀಯ ಗ್ರಂಥಾಲಯದಲ್ಲಿ ಕುಳಿತು ಮನಶ್ಶಾಸ್ತ್ರದ ಗ್ರಂಥಗಳನ್ನು ತಾನಾಗಿ ಓದತೊಡಗಿದನು. ಗುರುವಿಲ್ಲದೆ ಕಲಿತ ವಿದ್ಯೆಗೆ ಒಂದು ಗುಣವೂ ಒಂದು ದೋಷವೂ ಇರುತ್ತದೆ. ಯಾರ ಮಾತನ್ನೂ ಕೇಳದೆ ಮುಂದೆ ಸಾಗುವ ಧೈರ್ಯ ಬರುತ್ತದೆ. ಎಡವಿದಾಗ ಹಿಡಿಯುವವರು ಮಾತ್ರ ಇರುವುದಿಲ್ಲ.

ಬಿನೆ ಎಡವಿದ್ದು ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ. ಅಲ್ಲಿ ಶಾರ್ಕೊ ಎಂಬ ಜಗದ್ವಿಖ್ಯಾತ ವೈದ್ಯನು ಸಂಮೋಹನವಿದ್ಯೆಯ ಪ್ರಯೋಗಗಳನ್ನು ನಡೆಸುತ್ತಿದ್ದನು. ಬಿನೆಯೂ ಅವನ ಸಂಗಡಿಗ ಫೆರೆಯೂ ಸಂಮೋಹಿತರಾದ ರೋಗಿಗಳ ಬಳಿ ಅಯಸ್ಕಾಂತವನ್ನು ಹಿಡಿದು, ಎಡಗೈಯ ಚಲನೆಯು ಬಲಗೈಗೆ, ಸುಖಭಾವವು ದುಃಖಭಾವಕ್ಕೆ ತಿರುಗುವುದನ್ನು ಕಂಡೆವೆಂದು ಪ್ರಕಟಿಸಿದರು. ಬೆಲ್ಜಿಯಂ ದೇಶದ ದೆಲ್ಬೊಫ್ ಎಂಬ ವಿದ್ವಾಂಸನು ಪ್ಯಾರಿಸ್ಸಿಗೆ ಬಂದು ಆ ಪ್ರಯೋಗಗಳನ್ನು ಕಣ್ಣಾರೆ ನೋಡಿದನು. ಅಯಸ್ಕಾಂತವನ್ನು ರೋಗಿಗೆ ಕಾಣುವಂತೆಯೇ ಹಿಡಿಯುತ್ತಿದ್ದರು. ಏನು ನಡೆಯಬೇಕೆಂಬುದನ್ನು ಅವಳ ಎದುರಿಗೇ ಆಡುತ್ತಿದ್ದರು. ಅವಳು ತನ್ನಿಂದ ನಿರೀಕ್ಷಿಸಿದುದನ್ನೇ ಮಾಡಿ ತೋರಿಸುತ್ತಿದ್ದಳು. ಬಿನೆ ಕೆಲವು ಕಾಲ ವಾದಿಸಿದನು. ಕೊನೆಗೆ ಸೋಲನ್ನು ಒಪ್ಪಿಕೊಂಡನು. ಪರೀಕ್ಷಕನ ಮನಸ್ಸಿನಲ್ಲಿರುವ ಉತ್ತರವೇ ಪರೀಕ್ಷೆಗೆ ಒಳಗಾದವನ ಬಾಯಿಂದ ಹೊರಡುವುದುಂಟು ಎಂಬ ಸಂಗತಿಯು ಅವನಿಗೆ ಅಂದು ಮನದಟ್ಟಾಯಿತು. ಅದರಿಂದಾದ ಅವಮಾನ ಸಣ್ಣದಲ್ಲ. ಆದರೆ ಮುಂದೆ ಅವನು ಮಾಡಿದ ಕೆಲಸಕ್ಕೆಲ್ಲ ಅದೇ ಅಸ್ತಿಭಾರವಾಯಿತು.

ಆಸ್ಪತ್ರೆಯನ್ನು ಬಿಟ್ಟುಬಂದ ಬಿನೆಗೆ ಪ್ರಯೋಗಶಾಲೆಯಾಗಿ ಒದಗಿದ್ದು ಅವನ ಮನೆ. 1884ರಲ್ಲಿ ಅವನು ಜೀವವಿಜ್ಞಾನಿ ಬಾಲ್ಬಿಯಾನಿಯ ಮಗಳು ಲೋರಳನ್ನು ವಿವಾಹವಾಗಿದ್ದನು. 1885ರಲ್ಲಿ ಮದಲೀನ್, 1887ರಲ್ಲಿ ಆಲಿಸ್ ಎಂಬ ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು. ತಂದೆಯು ಅವರಿಗೆ ಚಿಕ್ಕ ಚಿಕ್ಕ ಪ್ರಶ್ನೆಗಳನ್ನು ಹಾಕುತ್ತಿದ್ದನು. ಎರಡು ಗೆರೆಗಳಲ್ಲಿ ಯಾವುದು ಉದ್ದ, ಎರಡು ಗುಂಪುಗಳಲ್ಲಿ ಯಾವುದರಲ್ಲಿ ಬಿಲ್ಲೆಗಳು ಹೆಚ್ಚು, ಚಾಕು ಎಂದರೇನು, ಕುದುರೆ ಎಂದರೇನು ಎಂದು ಕೇಳುತ್ತಿದ್ದನು. ಎಳೆಯ ಮಗುವು ವಸ್ತುವನ್ನು ಅದರ ಉಪಯೋಗದಿಂದಲೇ ವಿವರಿಸುತ್ತದೆ, ಚಾಕು ಎಂದರೆ ಕೊಯ್ಯುವುದಕ್ಕೆ ಎನ್ನುತ್ತದೆ ಎಂಬುದನ್ನು ಅವನು ಗುರುತು ಹಾಕಿಕೊಂಡನು. ಅಕ್ಕನ ನಡೆಯೇ ಬೇರೆ, ತಂಗಿಯ ನಡೆಯೇ ಬೇರೆ. ಒಬ್ಬಳು ಕಂಡುದನ್ನು ಕಂಡಂತೆ ನೋಡಿ ಹೇಳುವವಳು. ಇನ್ನೊಬ್ಬಳು ಕಲ್ಪನೆಯಲ್ಲಿ ತೇಲುವವಳು. ಒಂದೇ ಮನೆಯ ಅನ್ನವುಂಡು ಬೆಳೆದ ಇಬ್ಬರ ಬುದ್ಧಿಯು ಎರಡು ಬಗೆಯಾಗಿ ಅರಳುವುದನ್ನು ಬಿನೆ ಸುಮಾರು ಹದಿನೈದು ವರ್ಷಗಳ ಕಾಲ ತಾಳ್ಮೆಯಿಂದ ಗಮನಿಸಿ, 1903ರಲ್ಲಿ ಬುದ್ಧಿಶಕ್ತಿಯ ಪ್ರಾಯೋಗಿಕ ಅಧ್ಯಯನವೆಂಬ ಗ್ರಂಥದಲ್ಲಿ ಬರೆದನು. ಮಕ್ಕಳ ಹೆಸರನ್ನು ಮಾತ್ರ ಅಲ್ಲಿ ಬದಲಾಯಿಸಿದ್ದನು.

ಈ ನಡುವೆ 1891ರಲ್ಲಿ ಸೊರ್ಬಾನ್ ವಿದ್ಯಾಪೀಠದ ಮನಶ್ಶಾಸ್ತ್ರ ಪ್ರಯೋಗಶಾಲೆಯನ್ನು ಸೇರಿ, 1894ರಲ್ಲಿ ಅದರ ನಿರ್ದೇಶಕನಾದನು. ಅದೇ ವರ್ಷ ಕೀಟಗಳ ನರಮಂಡಲವನ್ನು ಕುರಿತ ಪ್ರಬಂಧಕ್ಕೆ ಡಾಕ್ಟರೇಟ್ ಪದವಿಯೂ ದೊರೆಯಿತು. ಪ್ರಾಧ್ಯಾಪಕ ಪೀಠ ಮಾತ್ರ ಅವನಿಗೆ ಎಂದೂ ಲಭಿಸಲಿಲ್ಲ. ಬಿಡುವಿನ ವೇಳೆಯಲ್ಲಿ ಆಂದ್ರೆ ದ ಲೊರ್ದ್ ಎಂಬ ನಾಟಕಕಾರನ ಜೊತೆ ಸೇರಿ ಭಯಾನಕ ನಾಟಕಗಳನ್ನು ಬರೆದನೆಂಬುದು ಈ ಗಂಭೀರ ವಿದ್ವಾಂಸನ ಜೀವನದ ಒಂದು ವಿಚಿತ್ರ. ತಲೆಬುರುಡೆಯ ಗಾತ್ರದಿಂದ ಬುದ್ಧಿಯನ್ನು ತಿಳಿಯಬಹುದೆಂದು ಆ ಕಾಲದ ಅನೇಕರು ನಂಬಿದ್ದರು. ಬಿನೆಯೂ ಶಾಲೆಗಳಿಗೆ ಹೋಗಿ ನೂರಾರು ತಲೆಗಳನ್ನು ಅಳೆದನು. ಜಾಣ ಮಕ್ಕಳ ತಲೆಗೂ ಹಿಂದುಳಿದವರ ತಲೆಗೂ ಕಂಡ ಅಂತರ ಬಹಳ ಅಲ್ಪ. ಅದರಲ್ಲಿಯೂ, ಅಳೆಯುವ ಕೈಗೆ ಯಾರು ಜಾಣರೆಂಬುದು ಮೊದಲೇ ತಿಳಿದಿದ್ದರೆ ಅಳತೆಯು ಆ ಕಡೆಗೇ ವಾಲುವುದನ್ನು ಅವನು ಕಂಡನು. ಅಯಸ್ಕಾಂತದ ಪಾಠ ಅವನಿಗೆ ಮರೆತಿರಲಿಲ್ಲ. ಬುರುಡೆಯನ್ನು ಬಿಟ್ಟು, ಮಗು ಏನು ಮಾಡಬಲ್ಲುದು ಎಂಬುದರ ಕಡೆಗೆ ತಿರುಗಿದನು.

ಬಿನೆಯು ಕೈಗೊಂಡ ಕಾರ್ಯದ ಮಹತ್ವ ತಿಳಿಯಬೇಕಾದರೆ ಫ್ರಾನ್ಸ್ ದೇಶದಲ್ಲಿ ಬುದ್ಧಿಮಾಂದ್ಯರನ್ನು ಯಾವ ಯಾವ ಹೆಸರಿನಿಂದ ಕರೆಯುತ್ತಿದ್ದರೆಂಬುದನ್ನು ಸ್ವಲ್ಪ ಹಿಂದಿನಿಂದ ನೋಡಬೇಕು. ಆಲ್ಪ್ಸ್ ಪರ್ವತದ ಕಣಿವೆಗಳಲ್ಲಿ ಗಳಗಂಡ ರೋಗದೊಂದಿಗೆ ಬುದ್ಧಿಯೂ ದೇಹವೂ ಕುಂಠಿತವಾದ ಜನರು ಬಹಳವಿದ್ದರು. ಅವರನ್ನು 'ಕ್ರೆತಾಂ' ಎನ್ನುತ್ತಿದ್ದರು. ಆ ಮಾತು ಕ್ರೈಸ್ತ ಎಂಬುದರ ಹಳ್ಳಿಗಾಡಿನ ರೂಪವೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಇವನೂ ನಮ್ಮಂತೆ ದೇವರ ಮಗುವೇ ಎಂಬ ಮರುಕ ಅದರ ಮೂಲದಲ್ಲಿದೆ. ಅಯೊಡಿನ್ ಕೊರತೆಯೇ ಆ ರೋಗಕ್ಕೆ ಕಾರಣವೆಂದು ಗೊತ್ತಾಗುವ ಹೊತ್ತಿಗೆ ಮರುಕದ ಮಾತು ಬೈಗುಳವಾಗಿತ್ತು. 'ಇದಿಯೊ', ಎಂದರೆ ನಮಗೆ ಇಂಗ್ಲಿಷಿನಿಂದ ಪರಿಚಿತವಾದ ಈಡಿಯಟ್ ಎಂಬ ಪದಕ್ಕೆ, ಗ್ರೀಕ್ ಭಾಷೆಯಲ್ಲಿ ರಾಜಕಾರ್ಯಗಳಲ್ಲಿ ತೊಡಗದೆ ತನ್ನಷ್ಟಕ್ಕೆ ತಾನಿರುವವನು ಎಂದಷ್ಟೇ ಅರ್ಥ. 'ಎಂಬೆಸಿಲ್' ಎಂಬುದಕ್ಕೂ 'ದೆಬಿಲ್' ಎಂಬುದಕ್ಕೂ ಲ್ಯಾಟಿನ್ ಭಾಷೆಯಲ್ಲಿ ದುರ್ಬಲ ಎಂಬುದೇ ಅರ್ಥ. ಹುಟ್ಟುವಾಗ ಇವುಗಳಲ್ಲಿ ಒಂದೂ ಬೈಗುಳವಾಗಿರಲಿಲ್ಲ.

ಹುಚ್ಚರ ಕಾಲಿನ ಸಂಕೋಲೆ ಬಿಚ್ಚಿಸಿದ ಕಾಲದ ವೈದ್ಯನೆಂದು ಪ್ರಸಿದ್ಧನಾದ ಪಿನೆಲ್, ಬುದ್ಧಿಮಾಂದ್ಯವನ್ನು ಹುಚ್ಚಿನ ಬಗೆಗಳಲ್ಲಿ ಒಂದೆಂದು ಎಣಿಸಿದ್ದನು. ಅವನ ಶಿಷ್ಯ ಎಸ್ಕಿರೋಲ್ ಈ ಎರಡನ್ನೂ ಬೇರ್ಪಡಿಸಿದನು. ಬುದ್ಧಿ ಕೆಟ್ಟವನು ಸಿರಿವಂತನಾಗಿದ್ದು ಬಡವನಾದವನಂತೆ. ಬುದ್ಧಿಮಾಂದ್ಯನಾದರೋ ಮೊದಲಿನಿಂದಲೂ ಬಡವನೇ ಆದವನಂತೆ ಎಂದು ಅವನು ಹೋಲಿಸಿದನು. ಹೋಲಿಕೆ ಸೊಗಸಾಗಿದೆ. ಆದರೆ ಅದರ ಫಲ ಕಠೋರವಾಯಿತು. ರೋಗವಾದರೆ ವಾಸಿಯಾಗಬಹುದು, ಹುಟ್ಟಿನಿಂದ ಬಂದ ಸ್ಥಿತಿಗೆ ಮದ್ದೆಲ್ಲಿಯದು? ಹೀಗೆಂದು ಆ ಮಕ್ಕಳನ್ನು ಬಿಸೆಟ್ರ್, ಸಾಲ್ಪೆಟ್ರಿಯೇರ್ ಮೊದಲಾದ ದೊಡ್ಡ ಆಸ್ಪತ್ರೆಗಳಲ್ಲಿ ಮುದುಕರ, ಹುಚ್ಚರ ನಡುವೆ ಇರಿಸಿ ಕೈತೊಳೆದುಕೊಳ್ಳುವುದು ಸುಲಭವಾಯಿತು. ಅವೇರಾನ್ ಕಾಡಿನಲ್ಲಿ ಸಿಕ್ಕಿದ ಮಾತು ಬಾರದ ಹುಡುಗನಿಗೆ ಪಾಠ ಹೇಳಿದ ಇಟಾರ್, ಅವನ ಶಿಷ್ಯನಾಗಿ 1846ರಲ್ಲಿ ಇಂತಹ ಮಕ್ಕಳ ಶಿಕ್ಷಣವನ್ನು ಕುರಿತು ದೊಡ್ಡ ಗ್ರಂಥ ಬರೆದ ಸೆಗೆನ್, ಬಿಸೆಟ್ರ್ ಆಸ್ಪತ್ರೆಯಲ್ಲಿ ಮಕ್ಕಳಿಗಾಗಿ ಕಾರ್ಯಾಗಾರಗಳನ್ನೂ ಪಾಠಗಳನ್ನೂ ಏರ್ಪಡಿಸಿದ ಬೂರ್ನ್‌ವಿಲ್ ಇವರು ಈ ನಿರಾಶೆಯನ್ನು ಒಪ್ಪದ ಕೆಲವರು. ಸೆಗೆನ್ ತನ್ನ ಗ್ರಂಥದ ಹೆಸರಿನಲ್ಲಿಯೇ 'ಅರಿಯೆರೆ', ಎಂದರೆ ಹಿಂದೆ ಉಳಿದವರು ಎಂಬ ಮಾತನ್ನು ಸೇರಿಸಿದನು. ಹಿಂದೆ ಉಳಿದವನು ಮುಂದೆ ನಡೆಯಲೂಬಹುದಲ್ಲವೇ?

1882ರಲ್ಲಿ ಫ್ರಾನ್ಸಿನಲ್ಲಿ ಆರರಿಂದ ಹದಿಮೂರು ವಯಸ್ಸಿನ ಮಕ್ಕಳಿಗೆಲ್ಲ ಶಿಕ್ಷಣವು ಕಡ್ಡಾಯವಾಯಿತು. ಅಲ್ಲಿಯವರೆಗೆ ಹೊಲಗದ್ದೆಗಳಲ್ಲಿಯೋ ಮನೆಯ ಮೂಲೆಯಲ್ಲಿಯೋ ಯಾರ ಕಣ್ಣಿಗೂ ಬೀಳದೆ ಇದ್ದ ನಿಧಾನಗತಿಯ ಮಕ್ಕಳು ಈಗ ತರಗತಿಯ ಬೆಂಚಿನ ಮೇಲೆ ಕಾಣಿಸಿಕೊಂಡರು. ಅವರನ್ನು ಏನು ಮಾಡಬೇಕೆಂಬುದು ಸರ್ಕಾರದ ಸಮಸ್ಯೆಯಾಯಿತು. 1904ರಲ್ಲಿ ವಿದ್ಯಾಮಂತ್ರಿಯು ಲೆಯೊನ್ ಬೂರ್ಜ್ವಾ ಎಂಬ ರಾಜಕಾರಣಿಯ ಅಧ್ಯಕ್ಷತೆಯಲ್ಲಿ ಒಂದು ಆಯೋಗವನ್ನು ನೇಮಿಸಿದನು. ಆ ಮಕ್ಕಳನ್ನು ಆಯೋಗವು 'ಅನೊರ್ಮಾ', ಎಂದರೆ ಅಸಾಮಾನ್ಯರು ಎಂದು ಕರೆಯಿತು. ಬಿನೆಯೂ ಅದರ ಸದಸ್ಯನಾಗಿದ್ದನು. ಯಾವ ಮಗುವನ್ನೂ ಪರೀಕ್ಷೆಯಿಲ್ಲದೆ ಸಾಮಾನ್ಯ ಶಾಲೆಯಿಂದ ತೆಗೆಯಬಾರದೆಂದು ನಿಶ್ಚಯವಾಯಿತು. ಆದರೆ ಪರೀಕ್ಷೆ ಹೇಗೆ ಮಾಡಬೇಕೆಂಬುದನ್ನು ಯಾರೂ ಹೇಳಲಿಲ್ಲ.

ಬಿನೆಯು ವೈದ್ಯರ ಪ್ರಮಾಣಪತ್ರಗಳನ್ನು ಓದತೊಡಗಿದ್ದು ಆಗ. ಪ್ಯಾರಿಸ್ಸಿನ ಸುತ್ತಮುತ್ತ ಇಂತಹ ಮಗುವೊಂದನ್ನು ಮೊದಲು ಒಂದು ಆಸ್ಪತ್ರೆಯಲ್ಲಿ ನೋಡಿ, ಅಲ್ಲಿಂದ ಇನ್ನೊಂದಕ್ಕೆ, ಮತ್ತೊಂದಕ್ಕೆ ಕಳುಹಿಸುವುದಿತ್ತು. ಪ್ರತಿಯೊಂದು ಕಡೆಯೂ ಒಬ್ಬ ವೈದ್ಯನು ಪರೀಕ್ಷಿಸಿ ಬರೆಯುತ್ತಿದ್ದನು. ಕೆಲವೇ ದಿನಗಳ ಅಂತರದಲ್ಲಿ ಒಂದೇ ಮಗುವು ಒಂದು ಪತ್ರದಲ್ಲಿ ಎಂಬೆಸಿಲ್, ಎರಡನೆಯದರಲ್ಲಿ ಇದಿಯೊ, ಮೂರನೆಯದರಲ್ಲಿ ದೆಬಿಲ್, ನಾಲ್ಕನೆಯದರಲ್ಲಿ ವಂಶದೋಷದಿಂದ ಕೆಟ್ಟವನು ಎಂದಾಗಿರುತ್ತಿತ್ತು. ಮಗು ಬದಲಾಗಿರಲಿಲ್ಲ, ಬರೆದ ಕೈ ಬದಲಾಗಿತ್ತು. ಇದಕ್ಕೆ ಬಿನೆ ಕಂಡ ಕಾರಣಗಳು ಮೂರು. ಕೆಲವು ವೈದ್ಯರಿಗೆ ವಿಷಯವೇ ತಿಳಿಯದು. ತಿಳಿದವರಲ್ಲಿಯೂ ಒಂದು ಪದಕ್ಕೆ ಒಬ್ಬೊಬ್ಬರು ಒಂದೊಂದು ಅರ್ಥ ಮಾಡುವರು. ಅರ್ಥ ಒಂದೇ ಎಂದುಕೊಂಡರೂ, ಗಮನವು ಅಲೆದಾಡುತ್ತದೆ, ಗ್ರಹಣಶಕ್ತಿ ಕಡಮೆ ಎಂಬಂತಹ ಸಡಿಲವಾದ ವರ್ಣನೆಗಳಲ್ಲಿ ಆ ಅರ್ಥದ ಎಲ್ಲೆ ಯಾವುದೆಂದು ಗೊತ್ತಾಗದು. ಎಷ್ಟು ಅಲೆದಾಡಿದರೆ ಗಮನ? ಎಷ್ಟು ಕಡಮೆಯಾದರೆ ಗ್ರಹಣಶಕ್ತಿ? ಇದಕ್ಕೆ ಉತ್ತರವಿರಲಿಲ್ಲ. ಒಂದು ಪದದ ತಪ್ಪಿನಿಂದ ಮಗುವೊಂದು ಶಾಲೆಯನ್ನೇ ಕಳೆದುಕೊಳ್ಳಬಹುದು. ವಿಶೇಷ ಶಾಲೆಯಲ್ಲಿ ಓದಿದವನೆಂಬುದು ಯಾರಿಗೂ ಕೀರ್ತಿಯನ್ನು ತರುವ ಸಂಗತಿಯಲ್ಲವೆಂದೂ, ಆ ಗುರುತು ತಕ್ಕವನಲ್ಲದವನ ಮೇಲೆ ಬೀಳದಂತೆ ನೋಡಿಕೊಳ್ಳಬೇಕೆಂದೂ ಅವನು ಬರೆದನು. ತುಂಟ ಹುಡುಗರ ಕಾಟ ತಪ್ಪಿದರೆ ಸಾಕೆನ್ನುವ ಉಪಾಧ್ಯಾಯರು ಈ ಅವಕಾಶವನ್ನು ದುರುಪಯೋಗ ಮಾಡಿಕೊಂಡಾರೆಂಬ ಭಯವೂ ಅವನಿಗಿತ್ತು.

ಈ ಕೆಲಸದಲ್ಲಿ ಅವನಿಗೆ ನೆರವಾದವನು ತೆಯೊದೊರ್ ಸಿಮೊನ್ ಎಂಬ ತರುಣ ವೈದ್ಯ. ಅವನು ಪ್ಯಾರಿಸ್ಸಿನ ಹೊರಗಿನ ಒಂದು ಆಸ್ಪತ್ರೆಯಲ್ಲಿ ಬುದ್ಧಿಮಾಂದ್ಯ ಬಾಲಕರ ನಡುವೆ ಕೆಲಸ ಮಾಡುತ್ತಿದ್ದವನು. ಇಬ್ಬರೂ ಸೇರಿ 1905ರಲ್ಲಿ 30 ಪ್ರಶ್ನೆಗಳ ಒಂದು ಅಳತೆಗೋಲನ್ನು ಪ್ರಕಟಿಸಿದರು. ಅದಕ್ಕೆ ಯಂತ್ರಗಳು ಬೇಕಿರಲಿಲ್ಲ; ಒಂದು ಕೋಣೆ, ಒಂದು ಮೇಜು, ಕೆಲವು ಚಿತ್ರಗಳು, ಕಾಗದ, ಕತ್ತರಿ ಇವಿದ್ದರೆ ಸಾಕಾಗಿತ್ತು. ಉರಿಯುವ ಕಡ್ಡಿಯನ್ನು ಕಣ್ಣಿನ ಮುಂದೆ ಆಡಿಸಿದರೆ ಮಗು ಅದನ್ನು ಹಿಂಬಾಲಿಸಿ ನೋಡುವುದೇ ಎಂಬುದು ಮೊದಲನೆಯ ಪರೀಕ್ಷೆ. ಚಾಕೊಲೇಟ್ ತುಂಡನ್ನೂ ಮರದ ತುಂಡನ್ನೂ ಮುಂದಿಟ್ಟರೆ ಯಾವುದನ್ನು ಬಾಯಿಗೆ ಹಾಕಿಕೊಳ್ಳುವುದು, ಮೂರು ಅಂಕಿಗಳನ್ನು ಕೇಳಿ ಹಾಗೆಯೇ ಮರಳಿ ಹೇಳುವುದೇ, ನೊಣಕ್ಕೂ ಚಿಟ್ಟೆಗೂ ಇರುವ ವ್ಯತ್ಯಾಸ ಬಲ್ಲುದೇ, 3, 6, 9, 12, 15 ಗ್ರಾಮ್ ತೂಕದ ಪೆಟ್ಟಿಗೆಗಳನ್ನು ಕೈಯಲ್ಲಿ ತೂಗಿ ಕ್ರಮವಾಗಿ ಜೋಡಿಸುವುದೇ ಎಂದು ಪರೀಕ್ಷೆಗಳು ಮೆಟ್ಟಿಲು ಮೆಟ್ಟಿಲಾಗಿ ಕಠಿನವಾಗುತ್ತಿದ್ದುವು. ಶಾಲೆಯಲ್ಲಿ ಕಲಿತುದನ್ನು ಅಲ್ಲಿ ಕೇಳುತ್ತಿರಲಿಲ್ಲ. ಬಡತನದಿಂದಲೋ ಕಾಯಿಲೆಯಿಂದಲೋ ಶಾಲೆ ತಪ್ಪಿಸಿಕೊಂಡ ಮಗುವನ್ನು ಬುದ್ಧಿಯಿಲ್ಲದ್ದೆಂದು ತಪ್ಪು ತಿಳಿಯಬಾರದೆಂಬುದೇ ಇದರ ಉದ್ದೇಶ. ಪರೀಕ್ಷಕನು ಮಗುವನ್ನು ಪ್ರೀತಿಯಿಂದ ಬರಮಾಡಿಕೊಳ್ಳಬೇಕು, ಉತ್ತರವನ್ನು ಮುಖಭಾವದಿಂದಲೂ ಸೂಚಿಸಕೂಡದು ಎಂದು ಬಿನೆ ವಿಧಿಸಿದನು.

1908ರಲ್ಲಿ ಈ ಅಳತೆಗೋಲನ್ನು ಮಾರ್ಪಡಿಸಿ, ಸಾಮಾನ್ಯ ಮಕ್ಕಳು ಮೂರನೆಯ ವಯಸ್ಸಿನಲ್ಲಿ ಮಾಡಬಲ್ಲದ್ದೇನು, ನಾಲ್ಕರಲ್ಲೇನು ಎಂದು ಹದಿಮೂರರವರೆಗೆ ಪ್ರಶ್ನೆಗಳನ್ನು ವಿಂಗಡಿಸಿದರು. ಒಂಬತ್ತು ವರ್ಷದ ಬಾಲಕನು ಆರು ವರ್ಷದವರ ಪ್ರಶ್ನೆಗಳವರೆಗೆ ಮಾತ್ರ ಉತ್ತರಿಸಿದರೆ ಅವನ ಬುದ್ಧಿಮಟ್ಟವು ಆರು ವರ್ಷದ್ದು ಎಂದು ತಿಳಿಯುತ್ತಿತ್ತು. ಹಳೆಯ ಹೆಸರುಗಳನ್ನು ಬಿನೆ ಕಿತ್ತೊಗೆಯಲಿಲ್ಲ. ಅವುಗಳಿಗೆ ಬೇಲಿ ಹಾಕಿದನು. ಮಾತಿನ ಮೂಲಕ ಇತರರೊಡನೆ ವ್ಯವಹರಿಸಲು ಎಂದೂ ಶಕ್ತನಾಗದವನು ಇದಿಯೊ. ಅವನ ಬುದ್ಧಿಮಟ್ಟವು ಎರಡು ವರ್ಷದ ಮಗುವಿನದನ್ನು ಮೀರದು. ಮಾತು ಬಂದರೂ ಬರಹದ ಮೂಲಕ ವ್ಯವಹರಿಸಲಾರದವನು ಎಂಬೆಸಿಲ್. ಅವನ ಮಟ್ಟ ಎರಡರಿಂದ ಏಳು. ಮಾತೂ ಬರಹವೂ ಬಂದು, ಓದಿನಲ್ಲಿ ಮಾತ್ರ ಜೊತೆಯವರಿಗಿಂತ ಹಿಂದೆ ಬಿದ್ದವನು ದೆಬಿಲ್. ಶಾಲೆಯ ಬೆಂಚಿನ ಮೇಲೆ ಕುಳಿತಿದ್ದ ಬಹುಪಾಲು ಹಿಂದುಳಿದ ಮಕ್ಕಳು ಈ ಕೊನೆಯ ಗುಂಪಿನವರೇ. ಅವರಿಗೆ ಆಸ್ಪತ್ರೆ ಬೇಕಿಲ್ಲ, ತಕ್ಕ ಪಾಠ ಬೇಕು ಎಂಬುದು ಈ ವಿಂಗಡಣೆಯಿಂದ ಸ್ಪಷ್ಟವಾಯಿತು.

ತನ್ನ ಅಳತೆಯು ಗಜಕಡ್ಡಿಯ ಅಳತೆಯಂತಹುದಲ್ಲವೆಂದು ಬಿನೆ ಎಚ್ಚರಿಸಿದನು. ಬುದ್ಧಿಯನ್ನು ಬಟ್ಟೆಯಂತೆ ಒಂದರ ಮೇಲೊಂದಿಟ್ಟು ಅಳೆಯಲಾಗದು. ಇಂದು ಈ ಮಗು ಸಾಲಿನಲ್ಲಿ ಎಲ್ಲಿ ನಿಂತಿದೆ ಎಂದಷ್ಟೇ ಹೇಳಬಹುದು. ನಾಳೆ ಅದು ಎಲ್ಲಿರುವುದೆಂದು ಹೇಳಲು ಅವನು ಸಿದ್ಧನಿರಲಿಲ್ಲ. ಮನುಷ್ಯನ ಬುದ್ಧಿಯು ಹುಟ್ಟಿನಿಂದ ಗೊತ್ತುಪಡಿಸಿದ ಮೊತ್ತ, ಅದನ್ನು ಹೆಚ್ಚಿಸಲಾಗದು ಎಂದು ಕೆಲವು ವಿದ್ವಾಂಸರು ಹೇಳುತ್ತಿದ್ದರು. ಅದು ಕ್ರೂರವಾದ ನಿರಾಶಾವಾದವೆಂದು 1909ರ ತನ್ನ ಗ್ರಂಥದಲ್ಲಿ ಅವನು ಪ್ರತಿಭಟಿಸಿದನು. ಬಾಗಿದ ಬೆನ್ನನ್ನು ನೆಟ್ಟಗೆ ಮಾಡುವ ವ್ಯಾಯಾಮವಿರುವಂತೆ ಮನಸ್ಸಿಗೂ ಇರಬೇಕೆಂದು ಯೋಚಿಸಿ, ಪ್ಯಾರಿಸ್ಸಿನಲ್ಲಿ 1907ರಲ್ಲಿ ತೆರೆದ ಪ್ರಾಯೋಗಿಕ ತರಗತಿಗಳಲ್ಲಿ ಅಂತಹ ಆಟಗಳನ್ನು ಆಡಿಸಿದನು. ಶಿಕ್ಷಕನು ಸನ್ನೆ ಮಾಡಿದೊಡನೆ ಮಕ್ಕಳೆಲ್ಲರೂ ವಿಗ್ರಹಗಳಂತೆ ಅಲುಗಾಡದೆ ನಿಲ್ಲುವುದು ಒಂದು ಆಟ. ಒಂಬತ್ತು ವಸ್ತುಗಳನ್ನು ಹಲಗೆಯ ಮೇಲೆ ಐದು ಕ್ಷಣ ಮಾತ್ರ ತೋರಿಸಿ ಮುಚ್ಚಿದಾಗ ನೆನಪಿನಿಂದ ಬರೆಯುವುದು ಮತ್ತೊಂದು. ತರಗತಿಯನ್ನು ನೋಡಬಂದ ಶಾಸನಸಭೆಯ ಸದಸ್ಯರು ತಾವೂ ಈ ಆಟವನ್ನು ಆಡಿ ನೋಡಿದರು. ಮಕ್ಕಳು ಅವರನ್ನು ಹಿಂದೆ ಹಾಕಿದರು. ಮಕ್ಕಳಿಗೆ ಅಭ್ಯಾಸವಿತ್ತು, ಸದಸ್ಯರಿಗೆ ಇರಲಿಲ್ಲ ಎಂಬುದನ್ನು ಬಿನೆ ಮುಚ್ಚಿಡಲಿಲ್ಲ. ಅಭ್ಯಾಸದಿಂದ ಬರುತ್ತದೆ ಎಂಬುದೇ ಅವನು ತೋರಿಸಬೇಕಾಗಿದ್ದ ವಿಷಯ.

ಗ್ರಾಂಜ್-ಓ-ಬೆಲ್ ಎಂಬ ಬೀದಿಯ ಶಾಲೆಯಲ್ಲಿ ಮುಖ್ಯೋಪಾಧ್ಯಾಯ ವಾನೆಯ ಸಹಕಾರದಿಂದ ಅವನು ಮಕ್ಕಳ ಪ್ರಯೋಗಶಾಲೆಯನ್ನು ನಡೆಸುತ್ತಿದ್ದನು. ಓದಲಾರದ ಹುಡುಗನಿಗೆ ನಿಜವಾಗಿ ಇದ್ದುದು ಬುದ್ಧಿಯ ಕೊರತೆಯೋ, ಕಣ್ಣಿನ ಕೊರತೆಯೋ ಎಂದು ನೋಡಲು ಅಲ್ಲಿ ದೃಷ್ಟಿಯನ್ನೂ ಪರೀಕ್ಷಿಸುತ್ತಿದ್ದರು. 1909ರ ಏಪ್ರಿಲ್ 15ರಂದು ಫ್ರಾನ್ಸಿನ ಶಾಸನಸಭೆಯು ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಹೊಂದಿಕೊಂಡಂತೆ ಸುಧಾರಣಾ ತರಗತಿಗಳನ್ನು ತೆರೆಯಲು ಅನುಮತಿಸುವ ಕಾಯಿದೆಯನ್ನು ಅಂಗೀಕರಿಸಿತು. ಆಯೋಗವು ಬಳಸಿದ ಅಸಾಮಾನ್ಯರು ಎಂಬ ಮಾತು ಕಾಯಿದೆಯ ಹೆಸರಿನಲ್ಲಿ ಉಳಿಯಲಿಲ್ಲ. ಅದರ ಸ್ಥಾನದಲ್ಲಿ ಸೆಗೆನ್ ಬಳಸಿದ 'ಅರಿಯೆರೆ' ಬಂದಿತು. ಇನ್ನು ಎರಡು ವರ್ಷಗಳಲ್ಲಿ, 1911ರ ಅಕ್ಟೋಬರ್ 18ರಂದು, ಅಳತೆಗೋಲನ್ನು ಮತ್ತೊಮ್ಮೆ ತಿದ್ದಿ ಪ್ರಕಟಿಸಿದ ವರ್ಷದಲ್ಲಿಯೇ, ಬಿನೆ ತೀರಿಕೊಂಡನು. ಅವನಿಗೆ ಆಗ 54 ವರ್ಷ.

ಅವನ ಅಳತೆಗೋಲು ಸಮುದ್ರಗಳನ್ನು ದಾಟಿತು. ಅವನ ಎಚ್ಚರಿಕೆ ದಾಟಲಿಲ್ಲ. 1912ರಲ್ಲಿ ಜರ್ಮನಿಯ ಸ್ಟೆರ್ನ್ ಬುದ್ಧಿಮಟ್ಟದ ವಯಸ್ಸನ್ನು ನಿಜವಾದ ವಯಸ್ಸಿನಿಂದ ಭಾಗಿಸುವ ಲೆಕ್ಕವನ್ನು ಹೇಳಿದನು. ಇದರಿಂದ ಬುದ್ಧಿಸೂಚ್ಯಂಕವೆಂಬ ಒಂದೇ ಅಂಕಿ ಹುಟ್ಟಿತು. ಅಮೆರಿಕದ ಗೊಡಾರ್ಡ್ 1910ರಲ್ಲಿಯೇ ದೆಬಿಲ್ ಎಂಬುದಕ್ಕೆ ಬದಲಾಗಿ 'ಮೊರೊನ್' ಎಂಬ ಹೊಸ ಪದವನ್ನು ಟಂಕಿಸಿದ್ದನು. ಬುದ್ಧಿಯು ವಂಶದಿಂದ ಬರುವ ಬದಲಾಗದ ವಸ್ತುವೆಂದು ನಂಬಿದ ಅವನು, ಹಡಗಿನಿಂದ ಇಳಿಯುವ ವಲಸೆಗಾರರನ್ನು ಈ ಪ್ರಶ್ನೆಗಳಿಂದ ಜರಡಿಹಿಡಿದನು. ಮಗುವಿಗೆ ನೆರವಾಗಲೆಂದು ಮಾಡಿದ ಸಲಕರಣೆಯು ಮನುಷ್ಯರನ್ನು ಹೊರಗಿಡುವ ಸಲಕರಣೆಯಾಯಿತು. 1961ರವರೆಗೆ ಬದುಕಿದ್ದ ಸಿಮೊನ್, ಬುದ್ಧಿಸೂಚ್ಯಂಕವು ತಮ್ಮ ಉದ್ದೇಶಕ್ಕೆ ಬಗೆದ ದ್ರೋಹವೆಂದೇ ಭಾವಿಸಿದ್ದನು. ಆದರೆ ಎಲ್ಲೆಡೆಯೂ ಅದು ಹೀಗೆಯೇ ಬಳಕೆಯಾಯಿತೆಂದು ಹೇಳಲಾಗದು. ಧಾರವಾಡದಲ್ಲಿ ವಿ. ವಿ. ಕಾಮತ್ ಅವರು ಈ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಹೊಂದುವಂತೆ ರೂಪಿಸಿ 1940ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಬಿನೆ-ಕಾಮತ್ ಪರೀಕ್ಷೆಯೆಂಬ ಹೆಸರಿನಿಂದ ಅದು ನಮ್ಮ ನಾಡಿನ ಆಸ್ಪತ್ರೆಗಳಲ್ಲಿ ದಶಕಗಳ ಕಾಲ ಬಳಕೆಯಲ್ಲಿದೆ.

ಫ್ರಾನ್ಸಿನಲ್ಲಿ ಹೆಸರುಗಳ ಕಥೆ ಬಿನೆಯೊಂದಿಗೆ ಮುಗಿಯಲಿಲ್ಲ. ಅವನು ಬೇಲಿ ಹಾಕಿದ ಮೂರು ಪದಗಳೂ ಬೇಲಿ ಹಾರಿ ಬೀದಿಗೆ ಬಂದುವು. ಇದಿಯೊ, ಎಂಬೆಸಿಲ್ ಎಂಬುವು ಮೊದಲೇ ಬೈಗುಳಗಳಾಗಿದ್ದುವು. ಎಲ್ಲಕ್ಕಿಂತ ಮೃದುವೆನಿಸಿದ್ದ ದೆಬಿಲ್ ಎಂಬುದು ಶಾಲೆಯ ಆಟದ ಬಯಲಿನಲ್ಲಿ ಹುಡುಗರು ಒಬ್ಬರನ್ನೊಬ್ಬರು ಹಂಗಿಸುವ ಮಾತಾಯಿತು; ಇಂದೂ ಹಾಗೆಯೇ ಇದೆ. ಎರಡನೆಯ ಮಹಾಯುದ್ಧದ ಕಾಲದಿಂದ 'ಇನಾದಾಪ್ತೆ', ಎಂದರೆ ಹೊಂದಿಕೊಳ್ಳಲಾರದವರು ಎಂಬ ಪದ ಬಳಕೆಗೆ ಬಂದಿತು. 1960ರಲ್ಲಿ ಇಂತಹ ಮಕ್ಕಳ ತಂದೆತಾಯಿಗಳು ದೇಶವ್ಯಾಪಿಯಾದ ಒಕ್ಕೂಟವನ್ನು ಸ್ಥಾಪಿಸಿದಾಗ ಅದರ ಹೆಸರಿನಲ್ಲಿ ಈ ಪದವನ್ನೇ ಇರಿಸಿದರು. ಅಲ್ಲಿಯವರೆಗೆ ವೈದ್ಯರೂ ಅಧಿಕಾರಿಗಳೂ ಇಡುತ್ತಿದ್ದ ಹೆಸರಿನ ವಿಷಯದಲ್ಲಿ ಹೆತ್ತವರೂ ಮಾತನಾಡತೊಡಗಿದುದು ಸಣ್ಣ ಬದಲಾವಣೆಯಲ್ಲ. ಅದಕ್ಕೂ ಒಂದು ವರ್ಷ ಹಿಂದೆ, 1959ರಲ್ಲಿ, ಪ್ಯಾರಿಸ್ಸಿನ ಲೆಜನ್, ಗೋತಿಯೆ ಮತ್ತು ತ್ಯುರ್ಪಾಂ ಎಂಬ ವಿಜ್ಞಾನಿಗಳು ಒಂದು ಬಗೆಯ ಬುದ್ಧಿಮಾಂದ್ಯಕ್ಕೆ ವರ್ಣತಂತು ಒಂದು ಹೆಚ್ಚಾಗಿರುವುದೇ ಕಾರಣವೆಂದು ಪ್ರಕಟಿಸಿದರು. ಮುಖದ ರೂಪವನ್ನು ನೋಡಿ ಆ ಮಕ್ಕಳಿಗೆ ಮಂಗೋಲರೆಂದು ಇಟ್ಟಿದ್ದ ಹೆಸರು ಬರಬರುತ್ತ ಮರೆಯಾಗಿ, 'ತ್ರಿಸೊಮಿ 21' ಎಂಬ ಹೆಸರು ನಿಂತಿತು.

ರೆನೆ ಜಾಜೊ ಎಂಬ ಮನಶ್ಶಾಸ್ತ್ರಜ್ಞನು ಬಿನೆಯ ಅಳತೆಗೋಲನ್ನು 1966ರಲ್ಲಿ ಹೊಸದಾಗಿ ಪರಿಷ್ಕರಿಸಿದನು. 1969ರಲ್ಲಿ ಅವನು ಈ ವಿಷಯವನ್ನು ಕುರಿತು ಪ್ರಕಟಿಸಿದ ಗ್ರಂಥದ ಹೆಸರಿನಲ್ಲಿ ದೆಬಿಲ್ ಎಂಬುದರ ಭಾವನಾಮವನ್ನು ಬಹುವಚನದಲ್ಲಿ ಬಳಸಿದನು. ಒಂದೇ ಹೆಸರಿನ ಕೆಳಗೆ ಹಲವು ಬಗೆಯ ಮಕ್ಕಳಿದ್ದಾರೆಂಬುದನ್ನು ಅವನು ವ್ಯಾಕರಣದ ಒಂದು ಪ್ರತ್ಯಯದಿಂದಲೇ ಸೂಚಿಸಿದಂತಾಯಿತು. ಅಷ್ಟರಲ್ಲಿ ಇಂಗ್ಲಿಷಿನಿಂದ 'ಹ್ಯಾಂಡಿಕ್ಯಾಪ್' ಎಂಬ ಪದವು ಫ್ರೆಂಚ್ ಭಾಷೆಯನ್ನು ಪ್ರವೇಶಿಸಿತ್ತು. ಕುದುರೆಪಂದ್ಯದಲ್ಲಿ ಬಲವಾದ ಕುದುರೆಗೆ ಹೆಚ್ಚು ಭಾರ ಹೊರಿಸಿ ಎಲ್ಲ ಕುದುರೆಗಳ ಅವಕಾಶವನ್ನು ಸಮಗೊಳಿಸುವ ಕ್ರಮಕ್ಕೆ ಇದ್ದ ಹೆಸರು ಅದು. 1957ರಲ್ಲಿ ಕಾರ್ಮಿಕರನ್ನು ಕುರಿತ ಕಾಯಿದೆಯಲ್ಲಿಯೂ, 1975ರ ಜೂನ್ 30ರ ಮಹತ್ವದ ಕಾಯಿದೆಯಲ್ಲಿಯೂ ಅದು ಸ್ಥಾನ ಪಡೆಯಿತು.

2005ರ ಫೆಬ್ರವರಿ 11ರ ಕಾಯಿದೆಯು ಇನ್ನೊಂದು ಹೆಜ್ಜೆ ಮುಂದಿಟ್ಟು, ನ್ಯೂನತೆಯು ಮನುಷ್ಯನಲ್ಲಿ ಮಾತ್ರವಿಲ್ಲ, ಅವನು ಬದುಕುವ ಪರಿಸರವು ಒಡ್ಡುವ ತಡೆಯೂ ಅದರಲ್ಲಿ ಸೇರಿದೆ ಎಂಬ ಅರ್ಥ ಬರುವಂತೆ ಅದನ್ನು ನಿರೂಪಿಸಿತು. ವೈದ್ಯರು ಈಗ ಬೌದ್ಧಿಕ ಬೆಳವಣಿಗೆಯ ತೊಡಕು ಎಂಬ ಮಾತನ್ನು ಬಳಸುತ್ತಾರೆ. ಆ ಕಾಯಿದೆಯ ಪ್ರಕಾರ ಪ್ರತಿಯೊಂದು ಮಗುವಿಗೂ ಮನೆಗೆ ಹತ್ತಿರದ ಶಾಲೆಯಲ್ಲಿ ಹೆಸರು ನೋಂದಾಯಿಸುವ ಹಕ್ಕಿದೆ. 1909ರಲ್ಲಿ ಹುಟ್ಟಿದ ಸುಧಾರಣಾ ತರಗತಿಗಳ ಸ್ಥಾನದಲ್ಲಿ 1991ರಲ್ಲಿ ಏಕೀಕರಣದ ತರಗತಿಗಳು ಬಂದುವು. 2015ರಲ್ಲಿ ಅವೂ ಸಾಮಾನ್ಯ ಶಾಲೆಯೊಳಗಿನ ಘಟಕಗಳಾಗಿ ಮಾರ್ಪಟ್ಟುವು. ಅಲ್ಲಿ ಹೆಸರು ದಾಖಲಾದ ಮಗು ತನ್ನ ವಯಸ್ಸಿನವರ ತರಗತಿಗೆ ಸೇರಿದ್ದು, ಬೇಕಾದ ಪಾಠಗಳಿಗೆ ಮಾತ್ರ ಘಟಕಕ್ಕೆ ಹೋಗುತ್ತದೆ. ಯಾವ ಮಗುವಿಗೆ ಯಾವ ನೆರವು ಬೇಕೆಂಬುದನ್ನು ಪ್ರತಿ ಜಿಲ್ಲೆಯ ಮಂಡಳಿಯೊಂದು ತಂದೆತಾಯಿಗಳ ಅಭಿಪ್ರಾಯ ಕೇಳಿ ನಿರ್ಣಯಿಸುತ್ತದೆ, ಮತ್ತು ಆ ನಿರ್ಣಯವನ್ನು ಕಾಲಕಾಲಕ್ಕೆ ಪುನಃ ಪರಿಶೀಲಿಸುತ್ತದೆ.